ಬೀರುವಿನ ಮುಂದೆ ಬಾಗಿದ ಮೊಣಕಾಲು

ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಒಂದನೇ ತರಗತಿಯ ಹುಡುಗಿಯೊಬ್ಬಳು ಮರದ ಬೀರುವಿನ ಮುಂದೆ ಒಂದು ಮೊಣಕಾಲು ಊರಿ, ಎದ್ದು, ತನ್ನ ಜಾಗಕ್ಕೆ ಹೋಗಿ ಕುಳಿತಳು.

ಅವಳ ಹಿಂದೆ ಬಂದ ಹುಡುಗನೂ ಹಾಗೇ ಮಾಡಿದ. ಅವನ ಹಿಂದಿನವಳು ಅರ್ಧ ಬಗ್ಗುವಷ್ಟರಲ್ಲಿ ಹೆಗಲ ಚೀಲ ಜಾರಿತು. ಉಳಿದರ್ಧ ಬಿಟ್ಟು ಓಡಿದಳು. ಯಾರೂ ಬೀರುವನ್ನು ನೋಡಲಿಲ್ಲ. ಬಾಗಿಲು ದಾಟುವಾಗ ತಲೆ ತಗ್ಗಿಸುವ ಉದ್ದನೆಯ ಮನುಷ್ಯರ ಹಾಗೆ, ಅವರ ಮೈಯಷ್ಟೇ ಆ ಕೆಲಸ ಮಾಡಿ ಮುಗಿಸುತ್ತಿತ್ತು.

ತನಿಖೆಗಾರ್ತಿ ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ಬೆಂಚು ಆರು ವರ್ಷದವರ ಅಳತೆಯದು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಇಷ್ಟು ವರ್ಷ ವಿಮಾ ಕಂಪನಿಗಾಗಿ ಸುಟ್ಟ ಗೋದಾಮುಗಳಲ್ಲಿ ಬೆಂಕಿ ಎಲ್ಲಿಂದ ಹೊತ್ತಿತು ಎಂದು ಹುಡುಕಿಕೊಂಡು ಬಂದವಳಿಗೆ ಸುಡದ ಕೋಣೆಯೊಂದು ಇಷ್ಟು ಕಾಡಿದ್ದು ಇದೇ ಮೊದಲು. ಕೈಯಲ್ಲಿ ಸದಾ ಇರುವ ಭೂತಗನ್ನಡಿಯಿಂದಾಗಿ ಮಕ್ಕಳು ಅವಳಿಗೆ ಭೂತಗನ್ನಡಿ ಆಂಟಿ ಎಂದು ಹೆಸರಿಟ್ಟಿದ್ದರು.

ಕೋಣೆ ಎತ್ತರದ್ದು. ಕಿಟಕಿಗಳು ಯಾರ ಕೈಗೂ ಎಟುಕದಷ್ಟು ಮೇಲೆ. ಅಲ್ಲಿಂದ ಇಳಿದ ಬೆಳಕು ಸೀಮೆಸುಣ್ಣದ ಪುಡಿಯಲ್ಲಿ ನಿಧಾನವಾಗಿ ಈಜುತ್ತಿತ್ತು. ಪಕ್ಕದ ತರಗತಿಯ ಮಗ್ಗಿ ನೀರಿನ ಅಡಿಯಿಂದ ಬಂದಂತೆ ಕೇಳಿಸುತ್ತಿತ್ತು. ಎಚ್ಚರವಿದ್ದೂ ನಿದ್ದೆಯಲ್ಲಿರುವ ಹಾಗೆ ಅನಿಸುವ ಜಾಗ ಅದು.

ಊರಿನ ಕ್ರೈಸ್ತ ಧರ್ಮಕೇಂದ್ರದ ಮೊದಲ ಚರ್ಚು ಈ ಕೋಣೆಯೇ. ಭಾನುವಾರ ಇಲ್ಲಿ ಪೂಜೆ, ವಾರದ ದಿನಗಳಲ್ಲಿ ಪಾಠ. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಪಕ್ಕದಲ್ಲಿ ಹೊಸ ಚರ್ಚು ಎದ್ದು, ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕಿದ್ದ ಶನಿವಾರ ಬೆಳ್ಳಿಯ ಪೂಜಾಪಾತ್ರೆ ಕಾಣೆಯಾಯಿತು. ಅದೇ ದಿನ ಶಾಲೆಯ ಮೊದಲ ಮೇಷ್ಟ್ರೂ ಕಾಣೆಯಾದರು. ಎರಡನ್ನೂ ಊರು ಒಟ್ಟಿಗೆ ಸೇರಿಸಿ ಹೊಲಿದುಬಿಟ್ಟಿತು. ಮೇಷ್ಟ್ರ ಮಗಳಿಗೆ ಆಗ ನಾಲ್ಕು ವರ್ಷ.

ಆ ಮಗಳೇ ಈಗ ಈ ಶಾಲೆಯ ಹೆಡ್ ಮೇಡಂ. ಈ ವರ್ಷ ನಿವೃತ್ತಿ.

ಧರ್ಮಕೇಂದ್ರದ ಇತಿಹಾಸದ ಪುಸ್ತಕ ಸೋಮವಾರ ಅಚ್ಚಿಗೆ ಹೋಗಬೇಕು. ಅದರಲ್ಲಿ ಒಂದು ಸಾಲಿದೆ: ಪ್ರಥಮ ಶಿಕ್ಷಕರು ಪೂಜಾಪಾತ್ರೆಯೊಂದಿಗೆ ಪರಾರಿಯಾದರು. ಪುಸ್ತಕವನ್ನು ಶಾಲೆಯ ಪ್ರತಿ ಮಗುವಿಗೂ ಹಂಚುತ್ತಾರೆ. ಹಂಚಬೇಕಾದವರು ಹೆಡ್ ಮೇಡಂ. ಆ ಸಾಲು ಸುಳ್ಳೆಂದು ತೋರಿಸಿದರೆ ತೆಗೆಸುತ್ತೇನೆ, ಇಲ್ಲದಿದ್ದರೆ ನನ್ನ ಕೈ ಕಟ್ಟಿದೆ ಎಂದು ಫಾದರ್ ಹೇಳಿದ್ದರು. ಹೆಡ್ ಮೇಡಂ ತನಿಖೆಗಾರ್ತಿಯನ್ನು ಕರೆಸಿದ್ದು ಅದಕ್ಕೇ.

ಪಾತ್ರೆ ಇರುತ್ತಿದ್ದದ್ದು ಪೂಜೆಯ ಪ್ರಸಾದ ಇಡುವ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ಗೋಡೆಯೊಳಗಿನ ಒಂದು ಗೂಡಿನಲ್ಲಿ. ಆ ಗೂಡು ಎಲ್ಲಿತ್ತು ಎಂಬುದೇ ಪ್ರಶ್ನೆ; ಉಳಿದ ಹಳಬರು ಒಬ್ಬೊಬ್ಬರು ಒಂದೊಂದು ಗೋಡೆ ಹೇಳುತ್ತಿದ್ದರು. ಉತ್ತರದ ಗೋಡೆಯಲ್ಲಿ, ಕಪ್ಪುಹಲಗೆಯ ಪಕ್ಕದಲ್ಲಿ ಎಂದು ಪುಸ್ತಕ ಬರೆದ ಧರ್ಮಕೇಂದ್ರದ ಕಾರ್ಯದರ್ಶಿ ಬೆರಳು ತೋರಿಸಿ ಹೇಳಿದ್ದರು. ಕಳೆದ ವಾರ ತನಿಖೆಗಾರ್ತಿ ಆ ಗೋಡೆ ಒಡೆಸಿದಳು. ಸಿಕ್ಕಿದ್ದು ಕಲ್ಲು, ಅದರ ಹಿಂದೆ ಇನ್ನಷ್ಟು ಕಲ್ಲು. ಒಡೆದ ಜಾಗವನ್ನು ಈಗ ಭೂಪಟವೊಂದು ಮುಚ್ಚಿತ್ತು.

ಬೀರು ಇದ್ದದ್ದು ಪೂರ್ವದ ಗೋಡೆಗೆ.

ಅವಳು ಮೊದಲು ಬಂದ ಹುಡುಗಿಯನ್ನು ಹತ್ತಿರ ಕರೆದಳು.

"ಅಲ್ಲಿ ಯಾಕಮ್ಮಾ ಮೊಣಕಾಲು ಊರಿದೆ?"

"ಅಲ್ಲಿ ಊರ್ಬೇಕು ಆಂಟಿ."

"ಬೀರು ಒಳಗೆ ಏನಿದೆ?"

"ಡಸ್ಟರು."

ಮಗು ಅವಳನ್ನು ಕನಿಕರದಿಂದ ನೋಡಿತು. ಇಷ್ಟು ದೊಡ್ಡವಳಾಗಿ ಡಸ್ಟರು ಎಲ್ಲಿಡುತ್ತಾರೆಂದು ಗೊತ್ತಿಲ್ಲದವಳು.

ಅದೇ ಪ್ರಶ್ನೆ ಕೇಳಿದಾಗ ಹೆಡ್ ಮೇಡಂ ಬೀರುವಿನ ಕಡೆ ತಿರುಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಅವರೂ ಯೋಚಿಸಿರಲಿಲ್ಲ. ಅವರು ಮಗುವಾಗಿದ್ದಾಗ ದೊಡ್ಡ ಹುಡುಗಿಯರು ಮಾಡುತ್ತಿದ್ದರು, ಇವರೂ ಮಾಡಿದರು. ಟೀಚರ್ ಆಗಿ ಬಂದ ಮೇಲೆ ಮಕ್ಕಳಿಗೆ ಕಲಿಸಲಿಲ್ಲ. ಮಕ್ಕಳೇ ಅಣ್ಣ ಅಕ್ಕಂದಿರಿಂದ ಕಲಿತು ಬಂದಿದ್ದರು. ಅಲ್ಲೊಂದು ಸಂತರ ಚಿತ್ರ ಇದ್ದಿರಬಹುದು ಎಂದುಕೊಂಡಿದ್ದರಂತೆ. ಚಿತ್ರ ನೋಡಿದ ನೆನಪು ಮಾತ್ರ ಇಲ್ಲ.

ಅಪ್ಪನ ನೆನಪು ಏನಿದೆ ಎಂದು ತನಿಖೆಗಾರ್ತಿ ಕೇಳಿದಳು.

"ಕಣ್ಣು," ಅಂದರು ಹೆಡ್ ಮೇಡಂ. "ದಪ್ಪ ಗಾಜಿನ ಹಿಂದೆ, ಮೀನಿನ ಕಣ್ಣಿನ ಹಾಗೆ ದೊಡ್ಡದಾಗಿ ಕಾಣೋದು. ಮುಖ ಮರೆತುಹೋಗಿದೆ. ಕನ್ನಡಕದ ಒಂದು ಕಾಲು ಮುರಿದಿತ್ತು. ಅಮ್ಮ ನೀಲಿ ದಾರ ಸುತ್ತಿ ಕಟ್ಟಿದ್ಳು. ಬೆಳಿಗ್ಗೆ ಎದ್ದ ತಕ್ಷಣ ಅದಕ್ಕೆ ತಡಕಾಡೋರು. ನಾನು ಬಚ್ಚಿಟ್ಟುಬಿಡ್ತಿದ್ದೆ. ಅದು ಸಿಗೋವರೆಗೂ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ಸಿಕ್ಕ ಮೇಲೂ ನನ್ನ ಬೈತಿರ್ಲಿಲ್ಲ."

ಅಷ್ಟು ಹೇಳಿ ಹಾಜರಿ ಕರೆಯಲು ಹೋದರು.

ಚರ್ಚಿನೊಳಗೆ ಫಾದರ್ ಏಣಿಯ ಮೇಲೆ ನಿಂತು ಪೀಠದ ಬಳಿಯ ಕೆಂಪು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಇಲ್ಲಿಗೆ ಬಂದು ಎರಡು ವರ್ಷವಾದ, ಇನ್ನೂ ಎಲ್ಲರ ಮನೆ ದಾರಿ ಗೊತ್ತಿರದ ಯುವಕ. ಮೊಣಕಾಲು ಊರುವುದು ಯಾತಕ್ಕೆ ಎಂದು ತನಿಖೆಗಾರ್ತಿ ಕೆಳಗಿನಿಂದಲೇ ಕೇಳಿದಳು.

ಪೆಟ್ಟಿಗೆಯಲ್ಲಿ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಇದ್ದರೆ ಮಾತ್ರ ಎಂದರು ಫಾದರ್. ಗೋಡೆಗಲ್ಲ, ಪೆಟ್ಟಿಗೆಗೂ ಅಲ್ಲ. ದೀಪ ಉರಿಯುತ್ತಿದ್ದರೆ ಒಳಗೆ ಇದೆ ಎಂದರ್ಥ. ಪ್ರಸಾದವನ್ನು ಬೇರೆಡೆಗೆ ಒಯ್ದ ಮೇಲೆ ದೀಪ ಆರಿಸುತ್ತಾರೆ, ಪೆಟ್ಟಿಗೆಯ ಬಾಗಿಲನ್ನು ಹಾರುಹೊಡೆದು ತೆರೆದಿಡುತ್ತಾರೆ. ಬರುವವರೆಲ್ಲ ಕಣ್ಣಾರೆ ನೋಡಬೇಕು: ಇಲ್ಲಿ ಏನೂ ಇಲ್ಲ.

"ನೋಡಿದ ಮೇಲೆ?"

"ಅಲ್ಲಿಗೆ ಮುಗೀತು. ಖಾಲಿ ಪೆಟ್ಟಿಗೆಗೆ ಯಾರೂ ಮೊಣಕಾಲು ಊರಲ್ಲ. ನಮ್ಮಜ್ಜಿನೂ ಊರಲ್ಲ, ಅವಳು ಕಂಡಕಂಡದ್ದಕ್ಕೆಲ್ಲ ಶಿಲುಬೆ ಗುರುತು ಹಾಕೋಳು."

"ತೆರೆದ ಬಾಗಿಲನ್ನ ಯಾರೂ ನೋಡದೇ ಇದ್ರೆ?"

ಫಾದರ್ ಏಣಿಯಿಂದ ಬಗ್ಗಿ ಅವಳನ್ನು ನೋಡಿದರು. ಎಣ್ಣೆಯ ಒಂದು ಹನಿ ಕೆಳಗಿನ ಕಪ್ಪು ಚಪ್ಪಡಿಯ ಮೇಲೆ ಬಿತ್ತು.

ಅವರು ಇಳಿದು ಬಂದು ಅದನ್ನು ಒರೆಸುವವರೆಗೆ ತನಿಖೆಗಾರ್ತಿ ತನ್ನ ಲೆಕ್ಕ ಹೇಳಿದಳು. ಪ್ರಸಾದವನ್ನು ಶುಕ್ರವಾರವೇ ಹೊಸ ಚರ್ಚಿಗೆ ಒಯ್ದದ್ದು ಎಲ್ಲರೂ ಒಪ್ಪುವ ಮಾತು. ಹಳೆಯ ಗೂಡಿನ ಬಾಗಿಲು ಶನಿವಾರವೂ ಭಾನುವಾರವೂ ತೆರೆದಿರಬೇಕಿತ್ತು. ಜನ ಬಂದು ಇಣುಕಬೇಕಿತ್ತು. ಹಾಗಾಗಲಿಲ್ಲ. ಜನ ನೋಡುವ ಮೊದಲೇ ಗೂಡನ್ನು ಮುಚ್ಚಿ ಸುಣ್ಣ ಬಳಿದುಬಿಟ್ಟರು. ಹೊಸ ಚರ್ಚಿನ ಗಡಿಬಿಡಿಯಲ್ಲಿ ಏಕೆಂದು ಯಾರೂ ಕೇಳಲಿಲ್ಲ. ಆದರೆ ಸಾಕು, ಇನ್ನು ನಿಲ್ಲಿಸಿ ಎಂದು ಮೊಣಕಾಲುಗಳಿಗೆ ಹೇಳಿದವರೂ ಇಲ್ಲ. ಅವು ಬಗ್ಗುತ್ತಲೇ ಬಂದವು, ಒಂದು ತಲೆಮಾರಿನಿಂದ ಮುಂದಿನದಕ್ಕೆ.

"ಗೂಡು ಬೀರುವಿನ ಹಿಂದಿದೆ ಅಂತೀರಾ?" ಎಂದರು ಫಾದರ್. "ಕಾರ್ಯದರ್ಶಿಗಳು ಉತ್ತರದ ಗೋಡೆ ಅಂದ್ರಲ್ಲ. ಅವರು ಆಗ ಹತ್ತು ವರ್ಷದ ಹುಡುಗ, ಪೂಜೆಗೆ ಸಹಾಯಕ್ಕೆ ನಿಲ್ತಿದ್ರು. ಮರೆತಿರಬಹುದಾ?"

"ಇವತ್ತು ಸಂಜೆ ಗೊತ್ತಾಗತ್ತೆ," ಅಂದಳು ತನಿಖೆಗಾರ್ತಿ.

ನಾಲ್ಕು ಗಂಟೆಗೆ ಮಕ್ಕಳು ಮನೆಗೆ ಹೋದರು. ಕೋಣೆಯಲ್ಲಿ ಪೆನ್ಸಿಲ್ ಹೆರೆದ ವಾಸನೆ ಉಳಿದಿತ್ತು. ಬೆಳಕು ಈಗ ಪಶ್ಚಿಮದ ಕಿಟಕಿಯಿಂದ ಬಂದು ಬೀರುವಿನ ಮೇಲೆ ಜೇನಿನ ಬಣ್ಣದಲ್ಲಿ ನಿಂತಿತ್ತು.

ಕಾರ್ಯದರ್ಶಿ ಇಸ್ತ್ರಿ ಮಡಿಕೆ ಕೆಡದ ಅಂಗಿಯಲ್ಲಿ ಬಂದರು. ಹೊಸ ಚರ್ಚು ಕಟ್ಟಿದ ಗುತ್ತಿಗೆದಾರರ ಮಗ. ಊರಿನಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ. ಇನ್ನೂ ಯಾವ ಗೋಡೆ ಬಾಕಿ ಇದೆ, ಛಾವಣಿ ಉಳಿಸುವ ಆಲೋಚನೆ ಇದೆಯೋ ಇಲ್ಲವೋ ಎಂದು ನಗುತ್ತಲೇ ವಿಚಾರಿಸಿದರು.

ಬೇರೇನಿಲ್ಲ, ಪುಸ್ತಕಕ್ಕೆ ಬೇಕಾದ ಸಣ್ಣ ವಿವರ ಎಂದಳು ಅವಳು. ಅವರು ಹುಡುಗರಾಗಿದ್ದಾಗ ಪೂಜೆಯ ಸಾಮಾನು ಎತ್ತಿಕೊಂಡು ಹೇಗೆ ಬರುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು, ಒಮ್ಮೆ ನಡೆದು ತೋರಿಸಬಹುದೇ?

ಅವರಿಗೆ ಆ ಕೇಳಿಕೆ ಹಿತವಾಯಿತು. ಬಾಗಿಲಿಗೆ ಹೋಗಿ, ಎರಡು ಕೈಯಲ್ಲೂ ಕಾಣದ ತಟ್ಟೆಯೊಂದನ್ನು ಹಿಡಿದು, ಬೆಂಚುಗಳ ನಡುವೆ ನಡೆಯತೊಡಗಿದರು. ನಡೆಯುತ್ತಲೇ ಮಾತು. ಆಗ ಎಣ್ಣೆದೀಪ ಮಾತ್ರ, ನೆಲ ಮಣ್ಣಿನದು, ಹಳೆಯ ಫಾದರ್ ಮಹಾ ಕೋಪಿಷ್ಠರು, ಗಂಟೆ ತಪ್ಪಿದರೆ ಕಿವಿ ಹಿಂಡುತ್ತಿದ್ದರು. ದನಿ ಬರಬರುತ್ತ ಎಳೆಯದಾಯಿತು. ಅರವತ್ತು ದಾಟಿದ ಮನುಷ್ಯ ಹುಡುಗನ ಹೆಜ್ಜೆಯಲ್ಲಿ, ಆ ಬೆಳಕಿನಲ್ಲಿ ತೇಲಿಕೊಂಡು ಬರುವಂತಿತ್ತು.

ಬೀರುವಿನ ಎದುರಿಗೆ ಬಂದಾಗ ಅವರ ಬಲಮೊಣಕಾಲು ನೆಲ ಮುಟ್ಟಿತು.

ಮಾತು ನಿಲ್ಲಲಿಲ್ಲ. ಎದ್ದು ಮತ್ತೆರಡು ಹೆಜ್ಜೆ ಹೋಗಿ, ಭೂಪಟದ ಕಡೆ ತಿರುಗಿ, "ಇಲ್ಲಿ ನಿಲ್ತಿದ್ದೆ, ಗೂಡಿನ ಮುಂದೆ," ಅಂದರು.

"ಸರ್, ನೀವು ಈಗ ತಾನೇ ಮೊಣಕಾಲು ಊರಿದ್ದು ಈ ಕಡೆಗಲ್ಲ."

"ಎಲ್ಲಿ ಊರಿದೆ?"

ಅವಳು ಅವರ ಪ್ಯಾಂಟಿನ ಕಡೆ ನೋಡಿದಳು. ಬಲಮೊಣಕಾಲಿನ ಮೇಲೆ ಸೀಮೆಸುಣ್ಣದ ಬಿಳಿ ಗುಂಡಗೆ ಅಂಟಿತ್ತು. ಕಾರ್ಯದರ್ಶಿಯೂ ನೋಡಿದರು. ಕೊಡವಲು ಹೋದ ಕೈ ಅರ್ಧದಲ್ಲೇ ನಿಂತಿತು.

"ಮಂಡಿ ನೋವು. ವಯಸ್ಸಾಯ್ತಲ್ಲ, ಒಂದೊಂದ್ಸಲ ಸೋತುಬಿಡತ್ತೆ."

"ನೋವಿರೋ ಕಾಲು ಗೋಡೆ ಹುಡುಕ್ಕೊಂಡು ಬಗ್ಗಲ್ಲ ಸರ್."

ಅವರ ಮುಖದಲ್ಲಿದ್ದ ಹುಡುಗ ಆ ಕ್ಷಣಕ್ಕೆ ಎದ್ದು ಹೋದ. ಒಂದು ಕಳ್ಳತನದ ಸಾಲಿಗಾಗಿ ಇಷ್ಟು ಮೂಗು ತೂರಿಸುವ ಅಗತ್ಯವೇನಿದೆ ಎಂದು ತಣ್ಣಗೆ ಕೇಳಿದರು. ಮೇಷ್ಟ್ರ ಮಗಳನ್ನು ಊರು ಹೊಟ್ಟೆಗೆ ಹಾಕಿಕೊಂಡಿದೆ, ಕೆಲಸ ಕೊಟ್ಟಿದೆ, ಕುರ್ಚಿ ಕೊಟ್ಟಿದೆ, ಇನ್ನೇನು ಬೇಕು?

ಗೂಡು ಎಲ್ಲಿತ್ತೆಂದು ಅವರು ಸುಳ್ಳು ಹೇಳಿದ್ದೇಕೆ ಎಂದಷ್ಟೇ ತನಿಖೆಗಾರ್ತಿ ಕೇಳಿದಳು.

"ನಮ್ಮಪ್ಪನ ಹೆಸರು ಇದಕ್ಕೆ ಎಳೀಬೇಡಿ."

"ನಾನು ನಿಮ್ಮಪ್ಪನ ಹೆಸರು ಎತ್ತಲೇ ಇಲ್ಲ."

ಹೊರಗೆ ಯಾರೋ ಬಾವಿಯ ರಾಟೆ ಎಳೆಯುತ್ತಿದ್ದರು. ಕಾರ್ಯದರ್ಶಿ ಚರ್ಚಿನ ಕಡೆಗೆ ಕೈ ಮಾಡಿದರು.

"ಹಾಗಾದ್ರೆ ಕೇಳಿ. ಆ ಶನಿವಾರ ನಮ್ಮಪ್ಪ ಈ ಕೋಣೆಗೆ ಕಾಲಿಟ್ಟಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಚರ್ಚಲ್ಲೇ ಇದ್ರು, ಪೀಠದ ಮುಂದೆ ಕಲ್ಲು ಹಾಸೋ ಕೆಲಸ. ಆಳುಗಳನ್ನೂ ಕಳಿಸಿ ಕಪ್ಪು ಚಪ್ಪಡಿನ ತಾವೇ ಕೂರಿಸಿದ್ರು. ಊರಿಗೆಲ್ಲ ಗೊತ್ತು. ಗೂಡು ಮುಚ್ಚೋಕೆ ಅವರಿಗೆ ಪುರುಸೊತ್ತೆಲ್ಲಿತ್ತು?"

ಬಾಗಿಲಲ್ಲಿ ನಿಂತು ಮೊಣಕಾಲಿನ ಬಿಳಿಯನ್ನು ಎರಡೂ ಕೈಯಿಂದ ಕೊಡವಿಕೊಂಡು ಹೋದರು.

ಶನಿವಾರ ಶಾಲೆಗೆ ರಜೆ. ಫಾದರ್ ಒಪ್ಪಿಗೆ ಕೊಟ್ಟಿದ್ದರು. ಬೀರುವನ್ನು ಸರಿಸಿದಾಗ ಅದರ ಹಿಂದೆ ತಲೆಮಾರುಗಳ ರಬ್ಬರು, ಬಳಪದ ಚೂರು, ಒಂದು ಗೋಲಿ, ಯಾರದೋ ಹಾಲುಹಲ್ಲು ಸಿಕ್ಕವು. ಹೆಡ್ ಮೇಡಂ ಹಲ್ಲನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟರು.

ಗಾರೆ ಮೇಸ್ತ್ರಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತ ಬಂದ. ಟಕ್ ಟಕ್ ಎನ್ನುತ್ತಿದ್ದ ಕಲ್ಲು ಒಂದೆಡೆ ಡಬ್ ಎಂದಿತು. ಸುಣ್ಣದ ಪದರ ಕೆರೆದರೆ ಒಳಗೆ ಇಟ್ಟಿಗೆ. ಸುತ್ತಲಿನ ಗೋಡೆಗೆ ಮಣ್ಣಿನ ಗಾರೆ, ಇದಕ್ಕೆ ಮಾತ್ರ ಸಿಮೆಂಟು. ಚರ್ಚಿನ ಕೆಲಸಕ್ಕೆ ತಂದದ್ದರಲ್ಲೇ ಕಟ್ಟಿರಬೇಕು ಎಂದ ಮೇಸ್ತ್ರಿ. ಇಟ್ಟಿಗೆಗಳ ನಡುವಿನ ಗೆರೆ ಏರಿಳಿದಿತ್ತು, ಕೆಲವು ಕಡೆ ಗಾರೆ ಒಳಕ್ಕೆ ಸುರಿದುಹೋಗಿತ್ತು.

"ಕಸುಬು ಗೊತ್ತಿದ್ದವನೇ ಕಟ್ಟಿದ್ದು ಮೇಡಂ," ಅಂದ. "ಆದ್ರೆ ಅವತ್ತು ಅವನ ಕೈ ಅವನ ಮಾತು ಕೇಳಿಲ್ಲ."

ಐದಾರು ಇಟ್ಟಿಗೆ ಬಂದ ಮೇಲೆ ಒಳಗಿನ ಗಾಳಿ ಹೊರಗೆ ಬಂತು. ತಣ್ಣಗಿತ್ತು. ಹಳೆಯ ಮೇಣದ, ಎಣ್ಣೆಯ, ಮುಚ್ಚಿಟ್ಟ ಬಟ್ಟೆಯ ವಾಸನೆ. ಫಾದರ್ ಟಾರ್ಚು ಹಿಡಿದರು.

ಗೂಡಿನಲ್ಲಿ ಹಿತ್ತಾಳೆಯ ಪೆಟ್ಟಿಗೆ ನಿಂತಿತ್ತು. ಅದರ ಪುಟ್ಟ ಬಾಗಿಲು ಹಾರುಹೊಡೆದು ತೆರೆದಿತ್ತು, ನಿಯಮದಂತೆ. ಒಳಗೆ ಬಿಳಿ ಬಟ್ಟೆ ಹೊದಿಸಿದ ಒಂದು ಆಕಾರ.

ಬಟ್ಟೆ ಎತ್ತಿದರೆ ಬೆಳ್ಳಿ. ಕಪ್ಪಾಗಿತ್ತು, ಆದರೂ ಟಾರ್ಚಿನ ಬೆಳಕು ಬಿದ್ದಲ್ಲಿ ನೀರಿನಡಿಯ ನಾಣ್ಯದ ಹಾಗೆ ಮಿನುಗಿತು.

ಫಾದರ್ ಪಾತ್ರೆಯನ್ನು ಹೊರಗೆ ತೆಗೆದು, ಒಂದು ಕ್ಷಣ ಯೋಚಿಸಿ, ಹೆಡ್ ಮೇಡಂ ಕೈಗೆ ಕೊಟ್ಟರು. ಅವರು ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಒಂದನೇ ತರಗತಿಯ ಬೆಂಚಿನ ಮೇಲೆ ಕುಳಿತರು. ಚಿಕ್ಕವರಿದ್ದಾಗ ಆಟಕ್ಕೆ ಕರೆಯದ ಗೆಳತಿಯರ ಬಗ್ಗೆ, ಕಳ್ಳ ಮೇಷ್ಟ್ರ ಮಗಳು ಎಂದು ಗೋಡೆಯ ಮೇಲೆ ಬರೆದವರ ಬಗ್ಗೆ, ಅವರ ಮಕ್ಕಳಿಗೇ ಅಕ್ಷರ ಕಲಿಸಿದ ಬಗ್ಗೆ ಅವರು ಏನಾದರೂ ಹೇಳಬಹುದೆಂದು ಫಾದರ್ ಕಾದರು.

"ಅಮ್ಮ ಇರ್ಬೇಕಿತ್ತು," ಅಂದರು ಹೆಡ್ ಮೇಡಂ, ಅಷ್ಟೇ.

ಆ ಸಾಲು ಹೋಯಿತು, ಇವತ್ತೇ ಹೊಡೆದುಹಾಕುತ್ತೇನೆ ಎಂದರು ಫಾದರ್. ಅವರ ಕಣ್ಣೂ ಒದ್ದೆಯಾಗಿತ್ತು.

ತನಿಖೆಗಾರ್ತಿ ಮಾತ್ರ ಗೂಡಿನ ಮುಂದಿನಿಂದ ಸರಿಯಲಿಲ್ಲ. ಪಾತ್ರೆ ಕದಿಯಲು ಬಂದವನು ಅದನ್ನು ಗೋಡೆಯಲ್ಲಿ ಬಿಟ್ಟು ಹೋಗುವುದಿಲ್ಲ. ಬೆಳ್ಳಿ ಬೇಡವಾಗಿದ್ದವನಿಗೆ ಬೇಕಾಗಿದ್ದು ಅದು ಕಾಣೆಯಾಗುವುದಷ್ಟೇ. ಹಾಗಾದರೆ ಊರು ಹುಡುಕಬೇಕಾಗಿದ್ದ ಬೇರೇನೋ ಇತ್ತು. ಪಾತ್ರೆಯ ಹಿಂದೆ ಓಡಿದ ಊರು ಅದನ್ನು ಹುಡುಕಲೇ ಇಲ್ಲ.

ಅವಳು ತೋಳನ್ನು ಭುಜದವರೆಗೆ ಒಳಗೆ ಹಾಕಿ ಪೆಟ್ಟಿಗೆಯ ಹಿಂದೆ ತಡಕಾಡಿದಳು. ಸುರಿದ ಸಿಮೆಂಟಿನ ಪುಡಿ. ಜೇಡರ ಬಲೆ. ಆಮೇಲೆ ತೆಳ್ಳಗಿನ, ತಣ್ಣಗಿನ ತಂತಿ.

ಹೊರಗೆ ತಂದದ್ದು ಒಂದು ಕನ್ನಡಕ. ದಪ್ಪ ಗಾಜು. ಒಂದು ಗಾಜು ಸೀಳಿತ್ತು. ಒಂದು ಕಾಲಿಗೆ ದಾರ ಸುತ್ತಿತ್ತು. ಅವಳು ಹೆಬ್ಬೆರಳಿನಿಂದ ಧೂಳು ಉಜ್ಜಿದಾಗ ದಾರ ನೀಲಿಯಾಯಿತು.

ಅವಳು ಅದನ್ನು ಬಚ್ಚಿಡಬಹುದಿತ್ತು. ಕಡೇ ಪಕ್ಷ ಒಂದು ಗಂಟೆ ಹೊತ್ತು ಆ ಹೆಂಗಸಿಗೆ ಪಾತ್ರೆಯೊಂದನ್ನೇ ಬಿಟ್ಟುಕೊಡಬಹುದಿತ್ತು. ತಿರುಗಿದಾಗ ಹೆಡ್ ಮೇಡಂ ಆಗಲೇ ನೋಡುತ್ತಿದ್ದರು.

ಅವರು ಪಾತ್ರೆಯನ್ನು ಪಕ್ಕಕ್ಕಿಟ್ಟು ಕೈ ಚಾಚಿದರು. ಕನ್ನಡಕವನ್ನು ಕರವಸ್ತ್ರದಿಂದ ಒರೆಸಿದರು, ಸೀಳಿದ ಗಾಜನ್ನು ಹೆಚ್ಚು ಜೋಪಾನವಾಗಿ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಅದರ ಮೂಲಕ ಕೋಣೆಯನ್ನು ನೋಡಿದರು. ಬೆಂಚುಗಳು, ಭೂಪಟ, ಬಾಗಿಲು, ಎಲ್ಲ ಆ ಗಾಜಿನಲ್ಲಿ ಕರಗಿ ತೇಲುತ್ತಿದ್ದಿರಬೇಕು.

"ಇದಿಲ್ದೆ ಅಪ್ಪ ಬಾಗಿಲವರೆಗೂ ಹೋಗ್ತಿರ್ಲಿಲ್ಲ," ಅಂದರು.

ಮೇಸ್ತ್ರಿ ಟೋಪಿ ತೆಗೆದ.

ಆ ಮಧ್ಯಾಹ್ನ ಫಾದರ್ ಪೊಲೀಸ್ ಠಾಣೆಗೆ ಫೋನ್ ಮಾಡಿದರು. ಇಷ್ಟು ಹಳೆಯದಕ್ಕೆ ಎಲ್ಲಿ ಹುಡುಕುವುದು ಎಂದು ಅತ್ತ ಕಡೆಯವರು ಕೇಳಿದರು. ತನಿಖೆಗಾರ್ತಿಯ ಬಳಿ ಒಂದು ಅನುಮಾನವಿತ್ತು. ಅದನ್ನು ಅವಳು ಭಾನುವಾರದವರೆಗೆ ಬಾಯಿಬಿಡಲಿಲ್ಲ.

ಭಾನುವಾರದ ಪೂಜೆಗೆ ಅವಳು ಚರ್ಚಿನ ಬದಿಯ ಕಂಬದ ಹತ್ತಿರ ನಿಂತಳು. ಗೂಡು ಒಡೆದ ಸುದ್ದಿ ಊರೆಲ್ಲ ಹಬ್ಬಿತ್ತು. ತಲೆಗಳು ಒಂದಕ್ಕೊಂದು ಬಾಗಿ ಪಿಸುಗುಡುತ್ತಿದ್ದವು. ಕನ್ನಡಕದ ಸುದ್ದಿ ಮಾತ್ರ ಆ ನಾಲ್ವರ ನಡುವೆಯೇ ಇತ್ತು. ಕಾರ್ಯದರ್ಶಿ ಎಂದಿನಂತೆ ಮೊದಲ ಸಾಲಿನಲ್ಲಿದ್ದರು, ಎಂದಿನ ಇಸ್ತ್ರಿಯಲ್ಲಿ.

ಪ್ರಸಾದ ಸ್ವೀಕರಿಸಲು ಜನ ಸಾಲಾಗಿ ಎದ್ದರು. ಹಾಡು ನಿಧಾನದ್ದು, ಸಾಲೂ ಹಾಡಿನ ಜೊತೆ ತೂಗುತ್ತ ನಡೆಯಿತು. ಬಣ್ಣದ ಗಾಜಿನ ಬೆಳಕು ಎಲ್ಲರ ಹೆಗಲ ಮೇಲೂ ಹರಿದು ಹೋಗುತ್ತಿತ್ತು. ಒಬ್ಬೊಬ್ಬರೂ ಪೀಠದ ಮುಂದಿನ ಕಪ್ಪು ಚಪ್ಪಡಿಯ ಮೇಲೆ ನಿಂತು, ಬಾಯಿ ತೆರೆದು, ಪಕ್ಕಕ್ಕೆ ಸರಿದರು. ಹೆಡ್ ಮೇಡಂ ಕೂಡ ಅಲ್ಲೇ ನಿಂತರು.

ಕಾರ್ಯದರ್ಶಿಯ ಸರದಿ ಬಂತು. ಅವರು ಚಪ್ಪಡಿಯ ಅಂಚಿಗೆ ಬಂದು, ಎಡಕ್ಕೆ ಒಂದು ಹೆಜ್ಜೆ ಇಟ್ಟು, ಬದಿಯಿಂದ ಕತ್ತು ಚಾಚಿ ಪ್ರಸಾದ ತೆಗೆದುಕೊಂಡರು. ಫಾದರ್ ಅವರ ಕಡೆಗೆ ವಾಲಬೇಕಾಯಿತು. ವಾಲಿದ ರೀತಿ ನೋಡಿದರೆ ಅದು ಫಾದರ್‌ಗೂ ರೂಢಿಯಾದಂತಿತ್ತು.

ಪೂಜೆ ಮುಗಿದ ಮೇಲೆ, ಊರವರು ಮೇಣದಜ್ಜಿ ಎಂದು ಕರೆಯುವ ಮುದುಕಿ ಮೇಣದಬತ್ತಿಯ ಕಂಬಗಳಿಂದ ಉಳಿದ ಮೇಣ ಕೆರೆಯುತ್ತಿದ್ದಳು. ಈ ಚರ್ಚು ಕಟ್ಟಿದಂದಿನಿಂದ ಅವಳದು ಅದೇ ಕೆಲಸ. ಕಾರ್ಯದರ್ಶಿ ಇವತ್ತು ಯಾಕೆ ಹಾಗೆ ಸರಿದು ನಿಂತರು ಎಂದು ತನಿಖೆಗಾರ್ತಿ ಕೇಳಿದಳು.

"ಇವತ್ತಾ?" ಅಜ್ಜಿ ತಲೆ ಎತ್ತಲಿಲ್ಲ. "ಅವನು ಚಿಕ್ಕವನಿದ್ದಾಗಿಂದ ಹಾಗೇ ಕಣಮ್ಮ. ಪೂಜೆಗೆ ಸಹಾಯ ಮಾಡುವಾಗಲೂ ಆ ಕಲ್ಲು ಬಳಸ್ಕೊಂಡೇ ಓಡಾಡೋನು. ಮದುವೆ ದಿನ ಹೆಂಡತಿ ಒಬ್ಬಳೇ ಅದರ ಮೇಲೆ ನಿಂತಿದ್ಳು. ಕಾಲು ಸುಡತ್ತೇನೋ ಅಂತ ನಾವು ಆಡ್ಕೊಳ್ತಿದ್ವಿ."

ತನಿಖೆಗಾರ್ತಿ ಪೀಠದ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತಳು. ಸುತ್ತಲಿನ ಕಲ್ಲುಗಳ ಸಂದುಗಳು ಒಂದು ನೂಲಿನಷ್ಟೂ ಆಚೀಚೆ ಇರಲಿಲ್ಲ. ಕಪ್ಪು ಚಪ್ಪಡಿಯ ಸುತ್ತಲಿನ ಗಾರೆ ಮಾತ್ರ ಏರಿಳಿದಿತ್ತು, ಗೂಡಿನ ಇಟ್ಟಿಗೆಯ ಗೆರೆಯ ಹಾಗೆ.

ಹಿಂದೆ ತಿರುಗಿದಾಗ ಹೆಡ್ ಮೇಡಂ ಮೊದಲ ಬೆಂಚಿನ ಬಳಿ ನಿಂತಿದ್ದರು. ಅಜ್ಜಿಯ ಮಾತು ಅವರಿಗೂ ಕೇಳಿಸಿತ್ತು. ಅವರು ತಮ್ಮ ಪಾದಗಳನ್ನೊಮ್ಮೆ ನೋಡಿಕೊಂಡರು, ಆಮೇಲೆ ಆ ಕಲ್ಲನ್ನು.

ಸೋಮವಾರ ಪುಸ್ತಕ ಅಚ್ಚಿಗೆ ಹೋಗಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ, ಇಬ್ಬರು ಪೊಲೀಸರ ಎದುರಿನಲ್ಲಿ, ಮೇಸ್ತ್ರಿ ಕಪ್ಪು ಚಪ್ಪಡಿಯ ಅಂಚಿಗೆ ಹಾರೆ ಇಟ್ಟ.